ವೀರ ಮಬೋನ್ಸನ ಊಟ

ಮಬೋನ್ಸನ ಗುರಾಣಿಯಷ್ಟು ಚೊಕ್ಕವಾದ ಗುರಾಣಿ ಅವನ ದಳದಲ್ಲಿ ಇನ್ನೊಂದಿರಲಿಲ್ಲ. ಹನ್ನೆರಡು ವರ್ಷ ಜುಲು ಅರಸನ ದಂಡಿನಲ್ಲಿದ್ದು ಮೂರು ಯುದ್ಧಗಳಿಗೆ ಹೋಗಿಬಂದರೂ ಅದರ ಕಪ್ಪು ತೊಗಲಿನ ಮೇಲೆ ಒಂದು ಗೀರು ಬಿದ್ದಿರಲಿಲ್ಲ. ಮೂರನೆಯ ಯುದ್ಧದಿಂದ ಬಂದು, ಮನೆಗೊಮ್ಮೆ ಹೊಕ್ಕು, ಅರಸನ ಊರಿಗೆ ಹೊರಟವನು ದಾರಿಯ ಹೊಳೆದಂಡೆಯಲ್ಲಿ ಕೂತು ತನ್ನ ಈಟಿಯಿಂದ ತಾನೇ ಅದಕ್ಕೆ ನಾಲ್ಕು ಗಾಯ ಮಾಡಿದ.

ಕುಣಿಯುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ದಂಡು ಹೊರಡುವ ಮುನ್ನ ಒಬ್ಬೊಬ್ಬನೇ ಸಾಲಿನಿಂದ ಜಿಗಿದು, ಗಾಳಿಗೆ ತಿವಿದು, ತನ್ನನ್ನು ಹೊಗಳಿಕೊಳ್ಳುವಾಗ ಮಬೋನ್ಸ ಗಾಳಿಯನ್ನು ನಿರ್ವಂಶ ಮಾಡಿಬಿಡುತ್ತಿದ್ದ. ಯುದ್ಧ ಶುರುವಾದರೆ ಆ ನಾಡಿನ ಮುಳ್ಳುಗಳೆಲ್ಲ ಅವನ ಪಾದವನ್ನೇ ಹುಡುಕಿಕೊಂಡು ಬರುತ್ತಿದ್ದವು.

ಈ ಸಲ ಅವನಿಗೆ ಮರದ ಮಣಿಸರ ಬೇಕಿತ್ತು. ಅದು ಶತ್ರುವನ್ನು ಕೊಂದವನ ಕೊರಳಿಗೆ ಮಾತ್ರ. ಅರಸನ ಊರಿನಲ್ಲಿ ದಳನಾಯಕ ಮಾಖೆದಾಮನ ಮುಂದೆ ಎಲ್ಲರೂ ಕೂತು ತಾವು ಮಾಡಿದ್ದನ್ನು ಹೇಳಬೇಕು. ಧೀರನಿಗೆ ಸರ, ಹೇಡಿಗೆ ಎಲ್ಲರೆದುರು ತಣ್ಣೀರಿನಲ್ಲಿ ಅದ್ದಿದ ಮಾಂಸ.

"ಬಂಡೆ ಹತ್ರ ಬಿದ್ದಿದ್ನಲ್ಲ, ಆ ಉದ್ದನೆಯವ್ನು? ಅವನನ್ನ ತಿವಿದಿದ್ದು ನಾನೇ ಬಾಬಾ," ಎಂದ ಮಬೋನ್ಸ, ನಾಯಕನಿಗೆ ಗುರಾಣಿಯ ಗಾಯಗಳನ್ನು ತೋರಿಸುತ್ತ.

ಆ ಉದ್ದನೆಯವನನ್ನು ನಿಜವಾಗಿ ಕೊಂದವನೂ ಅಲ್ಲೇ ಸತ್ತಿದ್ದರಿಂದ ಇಲ್ಲವೆನ್ನುವವರಿರಲಿಲ್ಲ. ಸತ್ತವರ ಬಳಿ ಕದಿಯುವಷ್ಟು ಧೈರ್ಯ ಮಬೋನ್ಸನಿಗಿತ್ತು. ಮಾಖೆದಾಮ ತಲೆಯಾಡಿಸಿದ. ಅಷ್ಟರಲ್ಲಿ ಸಾಲಿನಲ್ಲಿದ್ದ ಮಬೋನ್ಸನ ತಮ್ಮ ಲುಗಾಜು ಗಾಬರಿಯಿಂದ ಎದ್ದುನಿಂತ.

"ಅಣ್ಣಾ, ನಿಜವಾಗ್ಲೂ ಕೊಂದ್ಯಾ?"

"ಮತ್ತೆ? ನಿನ್ನ ಹಾಗೆ ಹುಲ್ಲು ತಿವಿಯೋಕೆ ಹೋಗಿದ್ನಾ?"

"ಹಾಗಾದ್ರೆ ಮನೆಗೆ ಬಂದ ದಿನ ಅವ್ವನ ಹತ್ರ ಮೊಸರು ಇಸ್ಕೊಂಡು ಯಾಕೆ ತಿಂದೆ? ಎರಡು ಸೋರೆಬುರುಡೆ ಖಾಲಿ ಮಾಡಿದ್ಯಲ್ಲೋ!"

ಕೊಂದವನು ವೈದ್ಯ ಮದ್ದು ಕೊಟ್ಟು ಶುದ್ಧ ಮಾಡುವ ತನಕ ಮನೆಗೆ ಹೋಗಬಾರದು, ಹಾಲು ಮೊಸರು ಮುಟ್ಟಬಾರದು. ಮುಟ್ಟಿದರೆ ಆ ಮನೆಯ ಹಸುಗಳ ಕೆಚ್ಚಲು ಬತ್ತುತ್ತದೆ. ಮಬೋನ್ಸನಿಗೂ ಇದು ಗೊತ್ತಿತ್ತು. ಆದರೆ ಮೊಸರು ತಿನ್ನುವಾಗ ಅವನಿನ್ನೂ ಯಾರನ್ನೂ ಕೊಂದಿರಲಿಲ್ಲ. ಕೊಂದ ಯೋಚನೆ ಹೊಳೆದದ್ದೇ ಹೊಟ್ಟೆ ತುಂಬಿದ ಮೇಲೆ.

"ಕೊಂದಿದ್ದು ನಿಜ ಆದ್ರೆ, ನಿಮ್ಮಪ್ಪನ ಹಟ್ಟೀಲಿ ವೈದ್ಯ ಹೇಳೋ ತನಕ ಒಂದು ಹನಿ ಹಾಲೂ ಯಾರೂ ಕುಡಿಯೋ ಹಾಗಿಲ್ಲ," ಎಂದ ಮಾಖೆದಾಮ. "ಹೇಳು ಮಗಾ, ಕೊಂದ್ಯಾ?"

"ಚಿಕ್ಕವ್ವನ ಕೂಸಿಗೆ ಆ ಹಾಲೇ ಗತಿ ಅಣ್ಣಾ," ಎಂದ ಲುಗಾಜು.

ಮಬೋನ್ಸ ಕೂಸನ್ನು ನೆನೆಯಲಿಲ್ಲ. ಅಪ್ಪನ ದೊಣ್ಣೆಯನ್ನು ನೆನೆದ.

"ನಾನು ಹೋಗೋಷ್ಟ್ರಲ್ಲಿ ಅವನು ಸತ್ತಿದ್ದ ಬಾಬಾ."

"ಸತ್ತ ಮೇಲಾದ್ರೂ ತಿವಿದ್ಯಾ?"

"ಇಲ್ಲ… ಮುಖ ನೋಡಿದ್ರೆ ಎದ್ದು ಬರೋ ಹಾಗಿತ್ತು."

ನಗು ಬೇಲಿಯಾಚೆಗೂ ಕೇಳಿಸಿತು. ಮಾಂಸ ಹಂಚುವವನು ಒಂದು ತುಂಡನ್ನು ತಣ್ಣೀರಿಗೆ ಅದ್ದಿ ಅವನ ಮುಂದೆ ಚಾಚಿದ. ಇಂಥ ಮಾಂಸವನ್ನು ನುಂಗಲಾರದೆ ಕಾಡು ಸೇರಿದವರಿದ್ದಾರೆ. ಮಬೋನ್ಸ ಚೆನ್ನಾಗಿ ಅಗಿದು ತಿಂದ, ಬೆರಳು ನೆಕ್ಕಿದ.

"ಇನ್ನೊಂದು ತುಂಡು ಇದ್ಯಾ?"

ಹಂಚುವವನು ಎರಡನೆಯದನ್ನು ನೀರಿಗೂ ಅದ್ದಲಿಲ್ಲ, ಸಗಣಿ ಮಣ್ಣಿಗೆ ಬಿಸಾಡಿದ. ಮಬೋನ್ಸ ಬಗ್ಗಿ ಎತ್ತಿಕೊಂಡು, ತೊಡೆಗೆ ಒರೆಸಿಕೊಂಡ.