ಇಂಚಕ್ಕನ ಲಾಗಿನ್

ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡೇ ಓಡಾಡುತ್ತಿದ್ದ ಆಕೆಯನ್ನು ಇಡೀ ಕಾರ್ಖಾನೆ ಇಂಚಕ್ಕ ಎಂದು ಕರೆಯುತ್ತಿತ್ತು. ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆ ಅದು. ಬಟ್ಟೆಗೆ ಕತ್ತರಿ ಬೀಳುವ ಮೊದಲು ತೋಳು, ಕಾಲರು, ಬೆನ್ನಿನ ನಮೂನೆಗಳನ್ನು ಕಂಪ್ಯೂಟರಿನಲ್ಲಿ ಬರೆಯುವುದು ಆಕೆಯ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಒಂದು ನಮೂನೆಯೂ ಕೈಕೊಟ್ಟಿರಲಿಲ್ಲ. ಮೊದಲ ದಿನ ನನ್ನನ್ನು ಕಣ್ಣಲ್ಲೇ ಅಳೆದು, ನಿನ್ನ ಎಡಹೆಗಲು ಅರ್ಧ ಇಂಚು ಇಳಿದಿದೆ, ಚೀಲ ಆ ಕಡೆ ಹಾಕಬೇಡ ಎಂದು ರೇಗಿಸಿದ್ದಳು.

ನಾನು ಹೋಗಿದ್ದು ಅಲ್ಲಿನ ಆರು ಕಂಪ್ಯೂಟರುಗಳಿಗೆ ನೆಟ್‌ವರ್ಕ್ ಹಾಕಲು. ನಮೂನೆಗಳೆಲ್ಲ ಒಂದೇ ಸರ್ವರಿನಲ್ಲಿ, ಎಲ್ಲರ ಕೈಗೂ ಸಿಗುವ ಹಾಗೆ. ಒಬ್ಬೊಬ್ಬರಿಗೂ ಅವರದೇ ಲಾಗಿನ್. ಯಾರು ಯಾವ ಫೈಲು ಮುಟ್ಟಿದರೋ ಅವರ ಹೆಸರು ದಾಖಲು. ಪಾಸ್‌ವರ್ಡ್ ಯಾರಿಗೂ ಹೇಳಬಾರದೆಂದು ನಾನೇ ಚೀಟಿ ಬರೆದು ಗೋಡೆಗೆ ಅಂಟಿಸಿದೆ. ಊರಿಗೆಲ್ಲ ಬುದ್ಧಿ ಹೇಳುವವನಲ್ಲವೇ ನಾನು! ಪರೀಕ್ಷೆಗೆಂದು ಇಂಚಕ್ಕನ ಲಾಗಿನ್ ಒಂದನ್ನು ಮಾಡಿದೆ. ಮಿಕ್ಕ ಐದಕ್ಕೆ ಸೋಮಾರಿತನ. ಎರಡು ದಿನ ಅಕ್ಕನ ಹೆಸರಲ್ಲೇ ಒಳಗೆ ಹೋಗಿ ಎಂದು ಆಕೆಯ ಪಾಸ್‌ವರ್ಡನ್ನು ಎಲ್ಲರಿಗೂ ಕೊಟ್ಟುಬಿಟ್ಟೆ. ಆಕೆ ನಕ್ಕು ಒಪ್ಪಿದಳು. ಎರಡು ದಿನ ಅಂದಿದ್ದು ಮೂರು ವಾರವಾಯಿತು.

ಆ ಮೂರು ವಾರದಲ್ಲೇ ಯಾರೋ ತೋಳಿನ ನಮೂನೆಯನ್ನು ತಿದ್ದಿ ಹಳೆಯದರ ಮೇಲೆಯೇ ಉಳಿಸಿದ್ದರು. ಎಂಟುನೂರು ಅಂಗಿಗಳ ತೋಳು ಎರಡಿಂಚು ಮೋಟಾಗಿ ಕತ್ತರಿಸಿಹೋದವು. ಮಾಲೀಕರು ನನ್ನನ್ನು ಕರೆಸಿ ಎಲ್ಲರೆದುರು ದಾಖಲೆ ತೆಗೆಸಿದರು. ಇಂಚಕ್ಕನ ಹೆಸರು ಬಂತು.

“ಅದು ನಾನಲ್ಲ ಸಾರ್. ನನ್ನ ಪಾಸ್‌ವರ್ಡು ಎಲ್ಲರ ಹತ್ರಾನೂ ಇತ್ತು. ಈ ಹುಡುಗನ್ನೇ ಕೇಳಿ, ಅವನಿಗೆ ಗೊತ್ತು,” ಎಂದಳು ಆಕೆ.

ಮಿಕ್ಕವರು ನೆಲ ನೋಡಿದರು. ಮಾಲೀಕರು ನನ್ನ ಕಡೆ ತಿರುಗಿದರು. ಅವರಿಗೆ ಇನ್ನೂ ಎರಡು ಕಾರ್ಖಾನೆಗಳಿದ್ದವು, ಅಲ್ಲಿನ ಕೆಲಸವೂ ನನಗೇ ಸಿಗುವುದರಲ್ಲಿತ್ತು.

“ಕಂಪ್ಯೂಟರ್ ಸುಳ್ಳು ಹೇಳಲ್ಲ ಸಾರ್,” ಎಂದೆ.

ಇಂಚಕ್ಕ ನನ್ನನ್ನು ನೋಡಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಆ ಬರೆ ಎಳೆದವನು ನಾನು. ಮರುದಿನವೇ ಆಕೆಯನ್ನು ಗುಂಡಿ ಹಚ್ಚುವ ಕೋಣೆಗೆ ಹಾಕಿದರು. ಅಲ್ಲಿ ನಾಲ್ಕು ವರ್ಷ ಗುಂಡಿ ಹಚ್ಚಿದಳು. ನಾನು ರಿಪೇರಿಗೆ ಹೋದಾಗಲೆಲ್ಲ ಆ ಕೋಣೆ ತಪ್ಪಿಸಿ ಹಿಂಬಾಗಿಲಿನಿಂದ ಒಳಗೆ ಹೋಗುತ್ತಿದ್ದೆ, ನಾಚಿಕೆಗೆಟ್ಟವನು.

ಕೆಲಸ ಬಿಡುವ ದಿನ ಆಕೆಯೇ ಹುಡುಕಿಕೊಂಡು ಬಂದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

“ಆ ಕಂಪ್ಯೂಟರಲ್ಲಿ ನನ್ನ ಹೆಸರು ಇನ್ನೂ ಇದ್ರೆ ತೆಗೆದುಬಿಡಪ್ಪಾ. ನಾಳೆಯಿಂದ ನಾನಿಲ್ಲಿ ಇರಲ್ಲ. ಯಾರಾದ್ರೂ ಏನಾದ್ರೂ ಮಾಡಿದ್ರೆ, ನಾನಲ್ಲ ಅಂತ ಹೇಳೋಕೂ ಆಗಲ್ಲ.”

ತಪ್ಪು ನನ್ನದು ಅಕ್ಕಾ ಅನ್ನಬೇಕಿತ್ತು. ಮಾಲೀಕರು ಪಕ್ಕದಲ್ಲೇ ನಿಂತಿದ್ದರು. ಆಯಿತು ಎಂದಷ್ಟೇ ಹೇಳಿ ಹೆಸರು ಅಳಿಸಿದೆ. ಆಕೆ ಬಗ್ಗಿ ಪರದೆ ನೋಡಿ, ಪೂರ್ತಿ ಹೋಯಿತೇ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಹೊರಟಳು.