ಅಂಗಡಿಯ ಸವತಿ

ಟೇಪ್ ಮಾಸ್ಟರಿಗೆ ಇಬ್ಬರು ಹೆಂಡಿರು ಎಂಬುದು ಆ ಬೀದಿಯ ಹಳೆಯ ತಮಾಷೆ. ಒಬ್ಬಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಕಾಜಾ ಮಾಡಿ ಗುಂಡಿ ಹಾಕುವವಳು, ಕೈ ಹಿಡಿದವಳು. ಇನ್ನೊಬ್ಬಳು ಅಂಗಡಿಯಲ್ಲೇ ನಿಂತವಳು; ತಲೆಯಿಲ್ಲ, ಕೈಯಿಲ್ಲ, ಇರುವುದು ಒಂದೇ ಮರದ ಕಾಲು. ಹೊಸದಾಗಿ ಮದುವೆಯಾದಾಗ ಮಾಸ್ಟರು ಹೆಂಡತಿಯ ಅಳತೆಗೇ ದಪ್ಪ ಬಟ್ಟೆ ಹೊಲಿದು, ಹತ್ತಿ ತುಂಬಿ ಮಾಡಿದ ಬೊಂಬೆ ಅದು. ಹೊಲಿದದ್ದನ್ನೆಲ್ಲ ಮೊದಲು ಅದಕ್ಕೆ ತೊಡಿಸಿ ನೋಡುವುದು. "ನನ್ನ ಸವತಿ ಪುಣ್ಯವಂತೆ, ದಿನಾ ಹೊಸ ಬಟ್ಟೆ. ನನಗೆ ಉಳಿದ ತುಂಡು," ಎಂದು ಹೆಂಡತಿ ಗಿರಾಕಿಗಳ ಮುಂದೆಯೇ ಕಾಲೆಳೆಯುತ್ತಿದ್ದಳು. "ಅವಳು ಎದುರು ಮಾತಾಡಲ್ವಲ್ಲ," ಎನ್ನುತ್ತಿದ್ದರು ಮಾಸ್ಟರು.

ಟೇಪ್ ಮಾಸ್ಟರ್ ಎಂಬ ಹೆಸರೂ ಸುಮ್ಮನೆ ಬಂದದ್ದಲ್ಲ. ಪ್ರಾರ್ಥನಾ ಮಂದಿರಕ್ಕೂ ಕೊರಳಲ್ಲಿ ಟೇಪು ಹಾಕಿಕೊಂಡೇ ಹೋಗುವ ಆಸಾಮಿ. ಅಳೆಯದೆ ನಂಬಿದ್ದು ದೇವರೊಬ್ಬನನ್ನೇ. ಮದುವೆಯಾದಂದಿನಿಂದ ಪ್ರತಿ ಸಂಜೆ ಯಂತ್ರಕ್ಕೆ ಮುಸುಕು ಹಾಕಿದ ಮೇಲೆ ಹೆಂಡತಿಯ ಪಕ್ಕ ಕೂತು ಗಟ್ಟಿಯಾಗಿ ಪ್ರಾರ್ಥನೆ ಹೇಳುತ್ತಿದ್ದರು. ದನಿಯೇನೋ ಒಡೆದ ಮಡಕೆ. ಆದರೂ ದಿನವೆಲ್ಲ ದುಡಿದು ಬಸವಳಿದ ಅವಳಿಗೆ ಆ ದನಿ ಕೇಳುತ್ತಲೇ ಜೊಂಪು ಹತ್ತುತ್ತಿತ್ತು.

ಹೀಗಿರುವಾಗ ಅವಳ ಹೊಟ್ಟೆಯಲ್ಲಿ ಗಡ್ಡೆ ಬಂತು. ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. "ಮೈ ಇಳೀತಾ ಇದೆ. ಮುಂದಿನ ಸಲ ಬರೋ ಹೊತ್ತಿಗೆ ಇಳಿಯೋದು ನಿಂತಿದ್ರೆ ಬಲವಾದ ಔಷಧಿ ಶುರು ಮಾಡೋಣ. ನಿಲ್ಲದಿದ್ರೆ ಅದನ್ನ ತಡ್ಕೊಳ್ಳೋ ಶಕ್ತಿ ಇವರಿಗಿರಲ್ಲ."

ಅಂದಿನಿಂದ ಮಾಸ್ಟರಿಗೆ ಊಟ, ನಿದ್ದೆ, ಗಿರಾಕಿ ಎಲ್ಲ ಒಂದು ಕಡೆ, ಹೆಂಡತಿಯ ಸೊಂಟ ಒಂದು ಕಡೆ. ಟೇಪು ಹಿಡಿದು ಹೋದರೆ ಅವಳು ಕೈ ತಳ್ಳುತ್ತಿದ್ದಳು: "ನಾನೇನು ಗಿರಾಕಿನಾ?" ಅದಕ್ಕೆ ಅವರು ಬೇರೆ ದಾರಿ ಹುಡುಕಿದರು. ಕಾಯಿಲೆಯವಳಾದರೇನು, ಗೋಣಿಚೀಲದಂಥದ್ದು ತೊಡುವುದಿಲ್ಲ ಎಂದು ಅವಳು ಹಟ ಹಿಡಿದಿದ್ದರಿಂದ ಸೊಂಟಕ್ಕೆ ಸರಿಯಾಗಿ ಕೂರುವ ನಿಲುವಂಗಿ ಹೊಲಿದುಕೊಟ್ಟಿದ್ದರು. ಅದರ ಪಕ್ಕವನ್ನು ಎರಡು ಬೆರಳಲ್ಲಿ ಚಿವುಟಿ ನೋಡುವುದು, ಸಡಿಲವಾದಷ್ಟನ್ನು ಒಳಗೆ ಹಿಡಿದು ಹೊಲಿಯುವುದು. ಕತ್ತರಿ ಮಾತ್ರ ಮುಟ್ಟುತ್ತಿರಲಿಲ್ಲ. ಮೈ ತುಂಬಿಕೊಂಡಾಗ ಬಿಚ್ಚಬೇಕಲ್ಲ, ಬಟ್ಟೆಯನ್ನೆಲ್ಲ ಒಳಗೇ ಬಿಡುತ್ತಿದ್ದರು.

ಬಿಡುತ್ತ ಬಿಡುತ್ತ ಒಳಗಿನ ಮಡಿಕೆ ಹಗ್ಗದಷ್ಟು ದಪ್ಪವಾಯಿತು. ಒಮ್ಮೆ ಆ ಅಂಗಿಯನ್ನು ಬೊಂಬೆಗೆ ತೊಡಿಸಲು ಹೋದರೆ ಸೊಂಟಕ್ಕೆ ಇಳಿಯಲೇ ಇಲ್ಲ. ಬೊಂಬೆ ಮದುವೆಯ ದಿನದ ಹೆಂಡತಿಯಾಗಿ ಮೈತುಂಬಿಕೊಂಡು ನಿಂತಿತ್ತು. ಅಂದಿನಿಂದ ಮಾಸ್ಟರಿಗೆ ಅದನ್ನು ಕಂಡರೆ ಹೆದರಿಕೆ. ಒಳಗಿರುವವಳು ಹೋಗಿ ಇದೊಂದೇ ಉಳಿದುಬಿಟ್ಟರೆ? ಬೆಳಗ್ಗೆ ಬಾಗಿಲು ತೆಗೆದರೆ ಅವಳದೇ ಬೆನ್ನು, ಅವಳದೇ ಹೆಗಲು, ತಲೆ ಮಾತ್ರ ಇಲ್ಲ. ಬಿಳಿ ಬಟ್ಟೆ ಹೊದಿಸಿ ನೋಡಿದರು. ಹೆಣಕ್ಕೆ ಹೊದಿಸಿದಂತೆ ಕಂಡು ಕಿತ್ತುಹಾಕಿದರು.

ಒಂದು ಸಂಜೆ ಪ್ರಾರ್ಥನೆಯ ನಡುವೆ ಬಾಯಿ ತಪ್ಪಿ ಬಂತು: "ಬೇಕಾದ್ರೆ ಅಂಗಡೀಲಿರೋಳನ್ನ ತಗೋ ಸ್ವಾಮಿ. ಇವಳನ್ನ ನನಗೆ ಬಿಡು." ಆಡಿದ ಮೇಲೆ ತಮಗೇ ನಾಚಿಕೆಯಾಯಿತು. ದೇವರ ಹತ್ತಿರ ಹತ್ತಿಯ ವ್ಯಾಪಾರವೇ? ಮರುದಿನದಿಂದ ಅವರ ಬಾಯಿಂದ ಪ್ರಾರ್ಥನೆಯೇ ಹೊರಡಲಿಲ್ಲ. ಬಂದು ಕೂರುವುದು, ಅಂಗಿ ಚಿವುಟುವುದು, ಎದ್ದು ಹೋಗುವುದು. ಅವಳು ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಿದ್ದಳು.

ಕೆಲವು ದಿನ ಕಳೆದ ಮೇಲೆ ಒಮ್ಮೆ ಚಿವುಟಿದರೆ ಬೆರಳಿಗೆ ಬಟ್ಟೆ ಸಿಗಲಿಲ್ಲ. ಅಂಗಿ ಸರಿಯಾಗಿ ಕೂತಿತ್ತು. ಮುಂದಿನ ಸಲವೂ ಅಷ್ಟೇ. ಅದರ ಮುಂದಿನ ಸಲ ಬಿಗಿಯಾಯಿತೆಂದು ಒಂದು ಹೊಲಿಗೆ ಬಿಚ್ಚಬೇಕಾಯಿತು. ಅವಳ ಮುಖ ಬಾಡಿಯೇ ಇತ್ತು, ಮಣಿಕಟ್ಟು ಕಡ್ಡಿಯಾಗಿಯೇ ಇತ್ತು. ಆದರೆ ಈ ಮನುಷ್ಯ ಕಣ್ಣನ್ನು ಯಾವತ್ತು ನಂಬಿದ್ದ? ಅದೇ ವಾರ ಗಿರಾಕಿಯೊಬ್ಬಳ ಉಡುಪನ್ನು ಬೊಂಬೆಗೆ ತೊಡಿಸಿದರೆ ಸೊಂಟದಲ್ಲಿ ಜೋತುಬಿತ್ತು. ಟೇಪು ಸುತ್ತಿ ನೋಡಿದರು. ಬೊಂಬೆ ಇಳಿದಿತ್ತು.

ಇನ್ನೊಮ್ಮೆ ಸುತ್ತಿದರು, ಅಷ್ಟೇ ಬಂತು. ಹಾಗಾದರೆ ದೇವರು ಆ ವ್ಯಾಪಾರಕ್ಕೆ ಒಪ್ಪಿಕೊಂಡುಬಿಟ್ಟನೇ? ಇಲಿ ಏನಾದರೂ ಹೊಕ್ಕಿತೋ ಎಂದು ಬೇರೆಯವರಾದರೆ ತಡಕಿ ನೋಡುತ್ತಿದ್ದರು. ಮುಳುಗುವವನು ಹುಲ್ಲುಕಡ್ಡಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಾನೆಯೇ? ಆ ಸಂಜೆ ಒಡೆದ ಮಡಕೆ ಮತ್ತೆ ಸದ್ದು ಮಾಡಿತು. ಹೆಂಡತಿ ಕಣ್ಣು ಮುಚ್ಚಿ ನಿದ್ದೆ ಹೋದಳು.

ಡಾಕ್ಟರ ಬಳಿ ಹೋಗುವ ಹಿಂದಿನ ದಿನ ಮಧ್ಯಾಹ್ನ ಮಾಸ್ಟರು ಪ್ರಾರ್ಥನಾ ಮಂದಿರದಲ್ಲಿ ಎಲ್ಲರ ಮುಂದೆ ಎದ್ದುನಿಂತರು. "ನಮ್ಮನೆಯವಳ ಮೈ ಇಳಿಯೋದು ನಿಂತಿದೆ. ಅವನು ಕೇಳಿಸ್ಕೊಂಡ," ಎಂದರು. ಜನ ಕಣ್ಣೊರೆಸಿಕೊಂಡರು. ಹೊಟ್ಟೆಗೆ ಹಾಲು ಹುಯ್ದಂತಾಗಿ, ಎಂದಿಗಿಂತ ಬೇಗ ಮನೆಗೆ ಬಂದರು.

ಹೆಂಡತಿ ಅಂಗಡಿಯ ನೆಲದ ಮೇಲೆ, ಬೊಂಬೆಯ ಮರದ ಕಾಲಿಗೆ ಒರಗಿ ಕೂತಿದ್ದಳು. ಬೊಂಬೆಯ ಬೆನ್ನ ಹೊಲಿಗೆ ಬಿಚ್ಚಿತ್ತು. ಅವಳ ಮಡಿಲಲ್ಲಿ ಹತ್ತಿ. ಏಳಲು ಕೈಲಾಗದೆ ಅಲ್ಲೇ ಉಳಿದುಬಿಟ್ಟಿದ್ದಳು. ಎತ್ತಲೆಂದು ಸೊಂಟಕ್ಕೆ ಕೈ ಹಾಕಿದರೆ ಬೆರಳುಗಳು ಮೆತ್ತಗೆ ಒಳಗೆ ಹೋದವು. ಅಂಗಿಯೊಳಗೆ, ಹಳೆ ಬಟ್ಟೆಯ ಪಟ್ಟಿಯಲ್ಲಿ ಹತ್ತಿ ತುಂಬಿ ಹೊಲಿದು ಸುತ್ತಿಕೊಂಡಿದ್ದಳು. ಅಚ್ಚುಕಟ್ಟಾದ ಹೊಲಿಗೆ, ಅವರೇ ಕಲಿಸಿದ್ದು.

"ಯಾಕೆ ಹೀಗ್ ಮಾಡ್ದೆ?"

"ನೀವು ಇವಳನ್ನ ಕೊಟ್ರೂ ಅವನು ತಗೊಳ್ಳೋದು ತಡ ಮಾಡಿದ. ನಾನೇ ತಗೊಂಡೆ." ನಗಲು ಹೋಗಿ ಕೆಮ್ಮಿದಳು. "ನೀವು ಬಾಯಿ ಮುಚ್ಚಿಬಿಟ್ರಿ. ಸಂಜೆ ಆದ್ರೆ ಮಲಗಿದಲ್ಲಿಂದ ಇವಳು ನಿಂತಿರೋದು ಕಾಣ್ತಿತ್ತು, ನಿಮ್ಮ ದನಿ ಕೇಳ್ತಿರಲಿಲ್ಲ. ನನಗೂ ಹೆದರಿಕೆ ಆಗಲ್ವೇನ್ರೀ? ಅಂಗಿ ಬಿಗಿ ಆದ್ರೆ ನಿಮಗೆ ನಂಬಿಕೆ ಬರತ್ತೆ, ಮತ್ತೆ ಹೇಳ್ತೀರಿ ಅಂತ ಗೊತ್ತಿತ್ತು."

"ಎಲ್ಲರ ಮುಂದೆ ನಿಂತು ಹೇಳಿ ಬಂದಿದ್ದೀನಿ." ಮಾಸ್ಟರಿಗೆ ಸಿಟ್ಟು ಉಕ್ಕಿತು, ಹೆಂಡತಿಯ ಮೇಲಲ್ಲ. "ಸಾಕು. ಇನ್ನು ಅವನ ಹೆಸರು ಎತ್ತಲ್ಲ."

"ಸುಳ್ಳು ಹೇಳಿದ್ದು ನಾನು. ಅವನ ಮೇಲೆ ಯಾಕೆ ಮುನಿಸು?"

ಮಾಸ್ಟರು ಅವಳನ್ನು ಎತ್ತಿಕೊಂಡು ಹೋಗಿ ಮಲಗಿಸಿ, ಹತ್ತಿಯ ಪಟ್ಟಿಯನ್ನು ಬಿಚ್ಚಿದರು. ಅವಳೇ ಕೈ ಮೇಲೆತ್ತಿದಳು. "ಅಳೀರಿ. ನಾಳೆ ಹೇಗೂ ಗೊತ್ತಾಗೋದೇ." ಟೇಪು ಸುತ್ತಿದರು. ಎಷ್ಟು ಎಂದು ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ. ಅಂಗಿಯನ್ನು ಯಂತ್ರಕ್ಕೆ ಕೊಟ್ಟು, ಮತ್ತೆ ಒಳಗೆ ಹಿಡಿದು ಹೊಲಿದು ತಂದರು. ಕಣ್ಣು ಮಂಜಾಗಿ ಹೊಲಿಗೆ ಸೊಟ್ಟಗೆ ಹೋಗಿತ್ತು.

ಅವಳು ಬೆರಳಾಡಿಸಿ ನೋಡಿದಳು. "ಕತ್ತರಿಸಲಿಲ್ಲ ತಾನೇ?"

"ಇಲ್ಲ. ಎಲ್ಲಾ ಒಳಗೇ ಇದೆ."

"ಹಾಗಾದ್ರೆ ಪ್ರಾರ್ಥನೆ ಹೇಳಿ."

ಇನ್ನೂ ಸಂಜೆಯಾಗಿರಲಿಲ್ಲ. ಅಂಗಡಿಯಲ್ಲಿ ಬೊಂಬೆ ಬೆನ್ನು ತೆರೆದುಕೊಂಡು, ಬಡಕಲಾಗಿ, ಈಗ ಇವಳಂತೆಯೇ ನಿಂತಿತ್ತು. ಮಾಸ್ಟರು ಅದಕ್ಕೆ ಬೆನ್ನು ಮಾಡಿ ಕೂತರು. ಕೊಡುವುದಕ್ಕೆ ಕೈಯಲ್ಲಿ ಏನೂ ಉಳಿದಿರಲಿಲ್ಲ. ಹಳೆಯ ಪ್ರಾರ್ಥನೆ ತಾನಾಗಿ ಬಂತು.

ಅವಳು ನಿದ್ದೆ ಹೋದಳು. ಅವಳು ನಿದ್ದೆ ಹೋದ ಮೇಲೆ ನಿಲ್ಲಿಸುವುದು ರೂಢಿ. ಅಂದು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಎಚ್ಚರವಾದೀತೆಂದು ಹೆದರಿಕೆ. ನಿಲ್ಲಿಸಿದ ಮೇಲೂ ಅವಳಿಗೆ ಎಚ್ಚರವಾಗದಿದ್ದರೆ ಎಂದು ಅದಕ್ಕಿಂತ ದೊಡ್ಡ ಹೆದರಿಕೆ. ಮುಗಿದ ಪ್ರಾರ್ಥನೆಯನ್ನು ಮಾಸ್ಟರು ಮತ್ತೆ ಮೊದಲಿನಿಂದ ಶುರು ಮಾಡಿದರು.