ಮಗ್ಗದ ಕೋಣೆಯ ಕಂಬ

ದೊಡ್ಡಬಳ್ಳಾಪುರದ ನಮ್ಮ ನೇಕಾರರ ಗೃಹ ಸಂಘದವರು ಹಳೇ ಶೀಟಿನ ಮನೆಗಳನ್ನು ಕೆಡವಿ ಮೂರಂತಸ್ತಿನ ಕಟ್ಟಡ ಎಬ್ಬಿಸಲು ಹೊರಟಾಗ, ಒಂದು ಹಾಳೆಯ ನಕ್ಷೆ ಇನ್ನೊಂದಕ್ಕೆ ಹೊಂದುತ್ತದೆಯೇ ಎಂದು ನೋಡುವ ಕೆಲಸ ನನ್ನ ತಲೆಗೆ ಬಂತು. ಸದಸ್ಯರ ಪೈಕಿ ಸಿವಿಲ್ ಓದಿದವಳು ನಾನೊಬ್ಬಳೇ. ನನ್ನ ಸಹಿ ಇಲ್ಲದೆ ನಕ್ಷೆ ಮಂಜೂರಾತಿಗೆ ಹೋಗಕೂಡದೆಂದು ಸಭೆಯಲ್ಲಿ ತೀರ್ಮಾನ ಬೇರೆ ಮಾಡಿಬಿಟ್ಟರು. ಒಪ್ಪಿಕೊಂಡ ನನಗೆ ಬುದ್ಧಿ ಇರಲಿಲ್ಲ.

ನಕ್ಷೆ ಬರೆಯುವವರಿಂದ ಹಾಳೆಗಳು ಬಂದಾಗ ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದೆ. ನೆಲಮಹಡಿಯಲ್ಲಿ ಮೆಟ್ಟಿಲು ನೈಋತ್ಯಕ್ಕಿತ್ತು, ಮೇಲಿನ ಮಹಡಿಗಳಲ್ಲಿ ಈಶಾನ್ಯಕ್ಕೆ. ಕೆಳಗಿಂದ ಹತ್ತಿದವರು ನೇರವಾಗಿ ಯಾರದೋ ಬಚ್ಚಲಿಗೆ ಹೋಗಿ ನಿಲ್ಲಬೇಕು. ವಿಚಾರಿಸಿದರೆ, ಈಶಾನ್ಯದಲ್ಲಿ ಮೆಟ್ಟಿಲು ಬೇಡವೆಂದು ವಾಸ್ತು ನೋಡುವವರು ಹೇಳಿದರಂತೆ. ಅವರಿಗೆ ತೋರಿಸಿದ್ದು ನೆಲಮಹಡಿಯ ಹಾಳೆ ಮಾತ್ರ, ಹಾಗಾಗಿ ತಿದ್ದಿಸಿದ್ದೂ ಅದೊಂದನ್ನೇ. "ಕಟ್ಟೋವಾಗ ಮೇಸ್ತ್ರಿ ನೋಡ್ಕೋತಾನೆ ಬಿಡಿ ಮೇಡಂ" ಎಂದರು ಸಂಘದ ಅಧ್ಯಕ್ಷರು. ನನಗೆ ಮೈಯೆಲ್ಲ ಉರಿದುಹೋಯಿತು.

ಅದಕ್ಕಿಂತ ಹೆಚ್ಚು ಸಂಕಟವಾದದ್ದು ಅಕ್ಕನ ವಿಷಯಕ್ಕೆ. ಆ ನೈಋತ್ಯ ಮೂಲೆ ನಮ್ಮ ಪಕ್ಕದ ಮನೆಯ ಅಕ್ಕನಿಗೆಂದು ಬಿಟ್ಟ ಮಗ್ಗದ ಕೋಣೆ. ಗಂಡ ತೀರಿಹೋದ ಮೇಲೆ ಅವರ ಜೀವನ ನಡೆದದ್ದು ಒಂದು ಪವರ್‌ಲೂಮಿನಿಂದ. ಮನೆ ಖಾಲಿ ಮಾಡಿ ಎಂದು ಸಂಘ ಹೇಳಿದ್ದೇ ತಡ, ಮಗ್ಗ ಬಿಚ್ಚಿ, ಟಾರ್ಪಾಲು ಸುತ್ತಿ, ತಮ್ಮನ ಮನೆಯ ಜಗಲಿಯಲ್ಲಿ ಇಟ್ಟಿದ್ದರು. ಈಗ ನೋಡಿದರೆ ಮೆಟ್ಟಿಲು ಹೊರುವ ಕಂಬ ಆ ಕೋಣೆಯ ನಟ್ಟನಡುವೆ ನಿಂತಿದೆ. ಎದುರಾದಾಗಲೆಲ್ಲ ಅಕ್ಕ, ನನ್ನ ಮಗ್ಗ ಎಲ್ಲಿ ಬರುತ್ತಮ್ಮ ಎಂದು ಕೇಳುತ್ತಿದ್ದರು. ಏನೋ ಒಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಮೆಟ್ಟಿಲು ಎಲ್ಲ ಮಹಡಿಯಲ್ಲೂ ಒಂದೇ ಕಡೆ ಇರಲಿ, ಮಗ್ಗದ ಕೋಣೆಯ ತಂಟೆ ಬೇಡ ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸಿದೆ. ತಿದ್ದಿದ ಹಾಳೆಗಳು ಬಂದವು. ನೆಲಮಹಡಿಯ ಮೆಟ್ಟಿಲು ಈಶಾನ್ಯಕ್ಕೆ ಮರಳಿತ್ತು. ಮೇಲಿನವಕ್ಕೆ ವಾಸ್ತುವಿನ ಸುದ್ದಿ ಈಗ ಮುಟ್ಟಿತೋ ಏನೋ, ಅವು ನೈಋತ್ಯಕ್ಕೆ ಹೋಗಿದ್ದವು! ಅವುಗಳ ಕಂಬ ಮತ್ತೆ ಅಕ್ಕನ ಕೋಣೆಗೇ ಇಳಿದಿತ್ತು. ಹಣೆ ಹಣೆ ಚಚ್ಚಿಕೊಂಡೆ.

ನಕ್ಷೆ ಸಲ್ಲಿಸಲು ಅಧ್ಯಕ್ಷರು ಒಳ್ಳೆಯ ಗಳಿಗೆ ನೋಡಿಸಿದ್ದರು. ರಾಹುಕಾಲ ಬರುವುದರೊಳಗೆ ಸಹಿ ಬೇಕೆಂದು ಮನೆಗೇ ಬಂದು ಕುಳಿತರು. ಸುದ್ದಿ ತಿಳಿದು ಅಕ್ಕನೂ ಬಂದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಹಾಳೆ ಹರಡಿ, ಕಂಬದ ಮೇಲೆ ಬೆರಳಿಟ್ಟು ಅವರಿಗೆ ಎಲ್ಲ ಹೇಳಿದೆ.

ಅಧ್ಯಕ್ಷರು ಅಕ್ಕನ ಕಡೆ ತಿರುಗಿ, "ಒಂದ್ ಕಂಬ ತಾನೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಮ್ಮ" ಎಂದರು.

ಅಕ್ಕ ನನ್ನ ಬೆರಳಿದ್ದ ಜಾಗವನ್ನೇ ನೋಡುತ್ತಿದ್ದರು. "ನಾನು ಮಾಡ್ಕೋತೀನಪ್ಪ, ಇಷ್ಟ್ ದಿನ ಮಾಡ್ಕೊಂಡೇ ಬಂದಿದೀನಿ" ಎಂದರು. "ಮಗ್ಗ ಮಾಡ್ಕೊಳ್ಳಲ್ಲ."

ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ಅಧ್ಯಕ್ಷರು ಗಡಿಯಾರ ನೋಡುತ್ತ ಕುಳಿತಿದ್ದಂತೆಯೇ ರಾಹುಕಾಲ ಶುರುವಾಯಿತು.